ಕೋಳಿ ಕೊಂದದ್ದು ಯಾರು? ಸತ್ತ ಕೋಳಿಯನ್ನೇ ಕೇಳಿರಿ



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ನಮ್ಮ ಮನೆಗಳಲ್ಲಿ ಹೊಲ ಎಷ್ಟೇ ಸಣ್ಣದಿರಲಿ, ಅಂಗಳದಲ್ಲಿ ನಾಲ್ಕು ಜವಾರಿ ಕೋಳಿ ಇದ್ದೇ ಇರುತ್ತವೆ. ಹತ್ತಿಯ ಹಣ ವರ್ಷಕ್ಕೊಮ್ಮೆ ಬಂದರೆ ತತ್ತಿಯ ಹಣ ವಾರಕ್ಕೊಮ್ಮೆ ಬರುತ್ತದೆ. ಮಕ್ಕಳ ನೋಟ್‌ಬುಕ್ಕು, ಮನೆಯ ಎಣ್ಣೆ ಉಪ್ಪು, ಆಸ್ಪತ್ರೆಯ ಬಸ್ ಚಾರ್ಜು, ಇವೆಲ್ಲ ಎಷ್ಟೋ ಸಲ ಹೇಟೆಯ ರೆಕ್ಕೆಯ ಕೆಳಗಿನಿಂದಲೇ ಹುಟ್ಟುತ್ತವೆ. ಆದ್ದರಿಂದ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಒಂದು ಕೋಳಿ ಸತ್ತು ಬಿದ್ದಿದ್ದರೆ ಮನೆಯಾಕೆಗೆ ಆಗುವ ಸಂಕಟ ಸಣ್ಣದಲ್ಲ. ಆ ಸಂಕಟದಲ್ಲಿ ಮೊದಲು ಬಾಯಿಗೆ ಬರುವುದು ಒಂದು ಹೆಸರು. ‘ಮುಂಗುಸಿ ಬಂದಿತ್ತು’ ಎನ್ನುತ್ತೇವೆ. ‘ಅವರ ಮನೆಯ ನಾಯಿಯೇ’ ಎನ್ನುತ್ತೇವೆ. ಸತ್ತ ಕೋಳಿಯ ಕಡೆ ಸರಿಯಾಗಿ ನೋಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತೇವೆ.

ಈ ಸಲದ ಅಂಕಣದಲ್ಲಿ ಆ ತೀರ್ಪನ್ನು ಸ್ವಲ್ಪ ತಡೆದು, ಸಾಕ್ಷಿಯನ್ನು ಓದುವುದು ಹೇಗೆ ಎಂದು ತಿಳಿಯೋಣ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಾವು ಮಾಡಿದ ತಪ್ಪು

ಮಕ್ತಲ್ ಮತ್ತು ಕೃಷ್ಣಾ ನಡುವಿನ ಒಂದು ಹಳ್ಳಿಯಲ್ಲಿ ನಮಗೆ ಎರಡೂವರೆ ಎಕರೆ ಹೊಲ, ಹುಣಸೆ ಮರದ ಕೆಳಗೆ ಒಂದು ಕೋಳಿಗೂಡು. ಹನ್ನೆರಡು ಹೇಟೆ, ಒಂದು ಹುಂಜ. ಕೆಲವು ವರ್ಷಗಳ ಹಿಂದೆ ಮಾಘ ಮಾಸದ ಒಂದು ಬೆಳಿಗ್ಗೆ ಒಂದು ಹೇಟೆ ಗೂಡಿನೊಳಗೆ ಸತ್ತಿತ್ತು. ತಲೆಯೂ ಕುತ್ತಿಗೆಯೂ ಇರಲಿಲ್ಲ. ಉಳಿದ ಮೈ ಇದ್ದ ಹಾಗೆಯೇ ಇತ್ತು. ಬಾಗಿಲು ಹಾಕಿದಂತೆಯೇ ಇತ್ತು. ಆ ಹೊತ್ತಿಗೆ ಪಕ್ಕದ ಮನೆಯ ನಾಯಿ ನಮ್ಮ ಅಂಗಳದಲ್ಲಿ ಮೂಸುತ್ತ ತಿರುಗುತ್ತಿತ್ತು. ನಮಗೆ ಅಷ್ಟೇ ಸಾಕಾಯಿತು.

ಆ ಸಂಜೆ, ಹೊಲಕ್ಕೆಂದು ತಂದು ಉಳಿಸಿದ್ದ ಗುಳಿಗೆ ಔಷಧವನ್ನು ಸತ್ತ ಕೋಳಿಗೆ ಹಾಕಿ ಬೇಲಿಯ ಬಳಿ ಇಟ್ಟೆವು. ಬೆಳಗಾಗುವಷ್ಟರಲ್ಲಿ ನಾಯಿ ಸತ್ತಿತ್ತು. ಅದರ ಪಕ್ಕದಲ್ಲಿ ಎರಡು ಕಾಗೆಗಳೂ ಸತ್ತಿದ್ದವು. ಪಕ್ಕದ ಮನೆಯ ಅಕ್ಕ ನಮ್ಮ ಬಾಗಿಲಿಗೆ ಬಂದು ಜಗಳ ಮಾಡಲಿಲ್ಲ. ಆಕೆಯ ಹುಡುಗ ಶಾಲೆಗೆ ಹೋಗದೆ ನಾಯಿಯ ಪಕ್ಕ ಕೂತಿದ್ದನ್ನು ನಾವು ಗೋಡೆಯಾಚೆಯಿಂದ ನೋಡಿದೆವು.

ನಾಲ್ಕನೆಯ ರಾತ್ರಿ ಇನ್ನೊಂದು ಹೇಟೆ ಸತ್ತಿತು. ಅದೇ ರೀತಿ: ತಲೆ ಇಲ್ಲ, ಮೈಗೆ ಗಾಯವಿಲ್ಲ.

ಅದೇ ವಾರ ಗದ್ವಾಲ್‌ನಿಂದ ನಮ್ಮ ಸೋದರತ್ತೆ ಬಂದಿದ್ದರು. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಅಲ್ಲಪಾ, ನೀವು ಕೋಳಿ ನೋಡಿದ್ರೋ, ಬರೀ ನಾಯಿ ನೋಡಿದ್ರೋ?” ನಮ್ಮ ಬಳಿ ಉತ್ತರ ಇರಲಿಲ್ಲ.

ಆ ಸಂಜೆ ಅತ್ತೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ, ಗೂಡಿನ ಮೇಲಿನ ತಗಡಿನ ಮೇಲೆ, ಹುಣಸೆ ಮರದ ಬುಡದಲ್ಲಿ ತೆಳ್ಳಗೆ ಹರಡಿದರು. ಮೂರನೆಯ ಬೆಳಿಗ್ಗೆ ಉತ್ತರ ಸಿಕ್ಕಿತು. ಗೂಡಿನ ಬಾಗಿಲ ಬಳಿ ಒಂದು ಹೆಜ್ಜೆಯೂ ಇರಲಿಲ್ಲ. ತಗಡಿನ ಮೇಲೆ ಐದು ಬೆರಳಿನ ಸಣ್ಣ ಹೆಜ್ಜೆಗಳು ಮರದ ಕೊಂಬೆಯ ಕಡೆಯಿಂದ ಬಂದು ಅದೇ ಕಡೆಗೆ ಹೋಗಿದ್ದವು. ತಗಡಿನ ಅಂಚಿನಲ್ಲಿ ಬಾರಿಹಣ್ಣಿನ ಬೀಜಗಳೇ ತುಂಬಿದ್ದ ಹಿಕ್ಕೆ ಬಿದ್ದಿತ್ತು. ಅದು ಮರಬೆಕ್ಕು. ತೆಲುಗಿನವರು ಮಾನುಪಿಲ್ಲಿ ಎನ್ನುತ್ತಾರೆ. ಹಗಲೆಲ್ಲ ಹುಣಸೆಯ ಪೊಟರೆಯಲ್ಲಿ ಮಲಗಿ, ರಾತ್ರಿ ಕೊಂಬೆಯಿಂದ ತಗಡಿಗೆ ಇಳಿದು, ತಗಡಿಗೂ ಗೋಡೆಗೂ ನಡುವೆ ಇದ್ದ ನಾಲ್ಕು ಬೆರಳಿನ ಸಂದಿನಿಂದ ಕೈ ಹಾಕಿ, ಮೇಲಿನ ಕೋಲಿನ ಮೇಲೆ ಕೂತ ಕೋಳಿಯ ತಲೆ ಹಿಡಿದೆಳೆಯುತ್ತಿತ್ತು. ಮೈ ಸಂದಿನಲ್ಲಿ ಹಾಯದ ಕಾರಣ ತಲೆ ಮಾತ್ರ ಅದಕ್ಕೆ ಸಿಗುತ್ತಿತ್ತು.

ಎರಡು ಮೊಳ ಜಾಲರಿ ಹೊಡೆದು ಸಂದು ಮುಚ್ಚಿದೆವು. ಒಂದು ಕೊಂಬೆ ಕಡಿದೆವು. ಅಂದಿನಿಂದ ಆ ಗೂಡಿನಲ್ಲಿ ರಾತ್ರಿ ಒಂದು ಕೋಳಿಯೂ ಹೋಗಿಲ್ಲ. ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ಮೊದಲೇ ಕೊಟ್ಟಿದ್ದರೆ ಪಕ್ಕದ ಮನೆಯ ನಾಯಿ ಬದುಕಿರುತ್ತಿತ್ತು.

ಮೊದಲು ನೋಡಬೇಕಾದ ನಾಲ್ಕು ವಿಷಯಗಳು

ಕೋಳಿ ಸತ್ತದ್ದು ಕಂಡ ಕೂಡಲೇ ಅಂಗಳ ಗುಡಿಸಬೇಡಿರಿ. ಮಕ್ಕಳನ್ನೂ ನಾಯಿಯನ್ನೂ ದೂರ ಇಡಿರಿ. ಕೈಗೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ.

1. ಸತ್ತದ್ದು ಹಗಲೋ ರಾತ್ರಿಯೋ? ಈ ಒಂದೇ ಪ್ರಶ್ನೆಗೆ ಅರ್ಧ ಶತ್ರುಗಳು ಪಟ್ಟಿಯಿಂದ ಹೊರಗೆ ಹೋಗುತ್ತಾರೆ. ಮುಂಗುಸಿ, ಹದ್ದು, ಗಿಡುಗ, ಕಾಗೆ, ಉಡ ಹಗಲಿನವು. ಮರಬೆಕ್ಕು, ಪುನುಗು ಬೆಕ್ಕು, ಹೆಗ್ಗಣ, ಗೂಬೆ ರಾತ್ರಿಯವು. ಕಾಡುಬೆಕ್ಕು ಹೆಚ್ಚಾಗಿ ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ ಬರುತ್ತದೆ. ನಾಯಿಗೆ ಮಾತ್ರ ಹೊತ್ತಿಲ್ಲ.

2. ಎಷ್ಟು ಸತ್ತಿವೆ, ಎಷ್ಟು ಕಾಣೆಯಾಗಿವೆ? ಒಂದು ಕಾಣೆಯಾದರೆ ಹಸಿದು ಬಂದದ್ದು ಹೊತ್ತುಕೊಂಡು ಹೋಗಿದೆ. ಹತ್ತು ಸತ್ತು ಬಿದ್ದು ಒಂದನ್ನೂ ತಿನ್ನದಿದ್ದರೆ ಬಂದದ್ದಕ್ಕೆ ಹಸಿವಿಗಿಂತ ಆಟದ ಹುರುಪು ಹೆಚ್ಚಾಗಿತ್ತು.

3. ಗಾಯ ಎಲ್ಲಿದೆ, ಏನನ್ನು ತಿಂದಿದೆ? ತಲೆ, ಕುತ್ತಿಗೆ, ಎದೆ, ತೊಡೆ, ಕರುಳು, ಕಾಲು, ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿರಿ.

4. ಒಳಗೆ ಬಂದ ದಾರಿ ಯಾವುದು? ನೆಲ ತೋಡಿದೆಯೇ, ಜಾಲರಿ ಹರಿದಿದೆಯೇ, ಮೇಲಿನ ಸಂದೇ, ಅಥವಾ ಬಾಗಿಲನ್ನು ನಾವೇ ಮರೆತೆವೇ?

ಕಚ್ಚಿದ್ದರಿಂದ ಸತ್ತಿತೋ, ಸತ್ತ ಮೇಲೆ ಕಚ್ಚಿತೋ?

ಇದು ಬಹಳ ಮುಖ್ಯ. ಕೊಕ್ಕರೆ ರೋಗ ಬಂದು ಸತ್ತ ಕೋಳಿಯನ್ನೂ ನಾಯಿ ಎಳೆಯುತ್ತದೆ, ಹೆಗ್ಗಣ ಕಡಿಯುತ್ತದೆ, ಕಾಗೆ ಕುಕ್ಕುತ್ತದೆ. ಬೆಳಿಗ್ಗೆ ನೋಡಿದವರಿಗೆ ಅದು ಕೊಲೆಯಂತೆಯೇ ಕಾಣುತ್ತದೆ. ಪತ್ತೆಗೆ ಒಂದು ದಾರಿ ಇದೆ. ಗಾಯದ ಸುತ್ತ ಪುಕ್ಕ ಸರಿಸಿ ಚರ್ಮ ನೋಡಿರಿ. ಜೀವ ಇದ್ದಾಗ ಕಚ್ಚಿದ್ದರೆ ಹಲ್ಲು ಇಳಿದ ಜಾಗದ ಸುತ್ತ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪು-ಕೆಂಪಾಗಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ರಕ್ತದ ಓಟ ನಿಂತಿರುವುದರಿಂದ ಅಂಥ ಕಲೆ ಕಾಣುವುದಿಲ್ಲ; ಗಾಯ ಒಣಗಿ ಬಿಳಿಚಿಕೊಂಡಿರುತ್ತದೆ.

ಇದರ ಜೊತೆಗೆ ಒಂದು ಎಚ್ಚರಿಕೆ: ಗಾಯವೇ ಇಲ್ಲದೆ ಒಂದಕ್ಕಿಂತ ಹೆಚ್ಚು ಕೋಳಿ ಸತ್ತಿದ್ದರೆ ಈ ಪರೀಕ್ಷೆ ಬೇಡ. ಅದನ್ನು ಮುಟ್ಟದೆ, ಕೊಯ್ಯದೆ ಪಶುವೈದ್ಯರಿಗೆ ತಿಳಿಸಿರಿ. ಕಾರಣ ಮುಂದೆ ಹೇಳುತ್ತೇವೆ.

‘ರಕ್ತ ಹೀರಿ ಹೋಯಿತು’ ಎಂಬ ಮಾತನ್ನೂ ಇಲ್ಲೇ ನೋಡೋಣ. ಮುಂಗುಸಿಯಾಗಲಿ ಬೆಕ್ಕಾಗಲಿ ಕೋಳಿಯ ರಕ್ತವನ್ನು ಹೀರಿ ಬರಿದು ಮಾಡುವುದಿಲ್ಲ. ಕುತ್ತಿಗೆಯಲ್ಲಿ ಆಳವಾಗಿ ಕಚ್ಚಿದಾಗ ರಕ್ತ ಮೈಯೊಳಗೇ ಸೋರಿ ಹೆಪ್ಪುಗಟ್ಟುತ್ತದೆ. ಹೊರಗೆ ಹನಿ ಕಾಣದೆ ನಾವು ಹೀರಿದೆ ಎಂದುಕೊಳ್ಳುತ್ತೇವೆ.

ಒಬ್ಬೊಬ್ಬರ ಕೈಬರಹ

ನಾಯಿ: ಬೀದಿನಾಯಿಯಾಗಲಿ ಸಾಕುನಾಯಿಯಾಗಲಿ, ಗುಂಪಾಗಿ ಬಂದರೆ ಗೂಡನ್ನೇ ಮುರಿಯುತ್ತದೆ. ನೆಲ ತೋಡಿರುತ್ತದೆ, ಬಿದಿರು ಕಡಿದಿರುತ್ತದೆ, ತೆಳು ಜಾಲರಿ ಹರಿದಿರುತ್ತದೆ. ಕೋಳಿಗಳು ಅಂಗಳದ ತುಂಬ ಚದುರಿ ಬಿದ್ದಿರುತ್ತವೆ. ಬೆನ್ನು, ತೊಡೆ, ಪಕ್ಕೆಗಳಲ್ಲಿ ಕಂಡ ಕಂಡಲ್ಲಿ ಕಚ್ಚಿದ ಗಾಯ, ಮುರಿದ ಮೂಳೆ, ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡ ಪುಕ್ಕ. ಹೆಚ್ಚಿನವನ್ನು ತಿಂದಿರುವುದಿಲ್ಲ. ನಮ್ಮ ಗೂಡಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ ಎಂಬುದನ್ನು ಗಮನಿಸಿರಿ.

ನರಿ: ನಮ್ಮ ಕಡೆಯ ಬಯಲಿನಲ್ಲಿ ದೊಡ್ಡ ನರಿಯೂ ಇದೆ, ಬಾಲದ ತುದಿ ಕಪ್ಪಾಗಿರುವ ಸಣ್ಣ ಹೊಲದ ನರಿಯೂ ಇದೆ. ನರಿ ಸದ್ದಿಲ್ಲದೆ ಬಂದು ಒಂದನ್ನು ಇಡಿಯಾಗಿ ಹೊತ್ತುಕೊಂಡು ಹೋಗುತ್ತದೆ. ಗೂಡಿನ ಬಳಿ ಒಂದು ಹಿಡಿ ಪುಕ್ಕ, ಆಮೇಲೆ ತೊಗರಿ ಹೊಲದ ಕಡೆಗೆ ಅಲ್ಲೊಂದು ಇಲ್ಲೊಂದು ಪುಕ್ಕ ಸಿಗುತ್ತದೆ. ಪುಕ್ಕದ ಕಡ್ಡಿ ಕತ್ತರಿಯಲ್ಲಿ ಕತ್ತರಿಸಿದಂತೆ ಹಲ್ಲಿನಿಂದ ತುಂಡಾಗಿರುತ್ತದೆ. ಸಣ್ಣ ಹೊಲದ ನರಿಯ ಮುಖ್ಯ ಆಹಾರ ಇಲಿ, ಹುಳು, ಮಿಡತೆ, ಹಣ್ಣು. ಬೆಳೆದ ಹುಂಜ ಅದಕ್ಕೆ ಭಾರ.

ಕಾಡುಬೆಕ್ಕು: ಕೃಷ್ಣಾ, ಭೀಮಾ ತೀರದ ಆಪಿನಲ್ಲಿ, ಜೂರಾಲ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ, ಕಾಲುವೆಯ ಭತ್ತದ ಬದುವಿನಲ್ಲಿ ಇದಕ್ಕೆ ಒಳ್ಳೆಯ ನೆಲೆ. ಸಾಕುಬೆಕ್ಕಿಗಿಂತ ಉದ್ದ ಕಾಲು, ಗಿಡ್ಡ ಬಾಲ. ಕುತ್ತಿಗೆಯ ಹಿಂಬದಿಗೆ ಒಂದೇ ಕಚ್ಚು. ಹಲ್ಲಿನ ಗುರುತು ಅಚ್ಚುಕಟ್ಟಾಗಿರುತ್ತದೆ. ಕೋಳಿಯನ್ನು ಪೊದೆಗೆ ಒಯ್ದು ಅಲ್ಲಿ ತಿನ್ನುತ್ತದೆ. ಸಾಕುಬೆಕ್ಕು ಮರಿಯನ್ನು ಒಯ್ಯುತ್ತದೆ, ಬೆಳೆದ ಹೇಟೆಯ ತಂಟೆಗೆ ಹೋಗುವುದು ಕಡಿಮೆ.

ಮುಂಗುಸಿ: ಹಗಲಿನಲ್ಲಿ, ಮನೆಯವರು ಹೊಲಕ್ಕೆ ಹೋದಾಗ ಬರುತ್ತದೆ. ಕಲ್ಲಿನ ಗೋಡೆ, ಕಟ್ಟಿಗೆಯ ಒಟ್ಟಿಲು ಅದರ ದಾರಿ. ತಲೆ, ಗಂಟಲಿಗೆ ಕಚ್ಚುತ್ತದೆ. ಮರಿಗಳು ಸಿಕ್ಕರೆ ಒಂದರ ಮೇಲೊಂದು ಕೊಲ್ಲುತ್ತದೆ. ತತ್ತಿಯ ಒಂದು ತುದಿ ಒಡೆದು ನೆಕ್ಕಿ ಚಿಪ್ಪನ್ನು ಅಲ್ಲೇ ಬಿಡುತ್ತದೆ.

ಮುಂಗುಸಿ ಹಗಲಿನ ಪ್ರಾಣಿ ಎಂಬುದನ್ನು ಮರೆತು ಒಂದು ದೇಶವೇ ಪೆಟ್ಟು ತಿಂದ ಕಥೆ ಇದೆ. ಕಬ್ಬಿನ ತೋಟದ ಇಲಿಗಳನ್ನು ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ 9 ಮುಂಗುಸಿಗಳನ್ನು ಜಮೈಕಾ ದ್ವೀಪಕ್ಕೆ ಒಯ್ದರು. ಅಲ್ಲಿಂದ ಅವುಗಳ ಸಂತತಿಯನ್ನು 1883ರಲ್ಲಿ ಹವಾಯಿ ದ್ವೀಪಗಳಿಗೆ ಒಯ್ದರು. ಇಲಿ ತಿರುಗುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಇಲಿಯ ಕಾಟ ಉಳಿಯಿತು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮುಂಗುಸಿಯ ಬಾಯಿಗೆ ಹೋದವು. ರಾತ್ರಿ ಸತ್ತ ಕೋಳಿಗೆ ಮುಂಗುಸಿಯನ್ನು ದೂರುವವರು ಈ ಕಥೆಯನ್ನು ನೆನಪಿಡುವುದು ಒಳ್ಳೆಯದು.

ಮರಬೆಕ್ಕು, ಪುನುಗು ಬೆಕ್ಕು: ತಲೆ-ಕುತ್ತಿಗೆ ಹೋಗಿರುವುದು, ಕೆಲವೊಮ್ಮೆ ಕರುಳು ತಿಂದಿರುವುದು ಇವುಗಳ ಗುರುತು. ಮರಬೆಕ್ಕು ಮೇಲಿನಿಂದ ಬರುತ್ತದೆ. ಹುಣಸೆ, ಮಾವು, ಈಚಲು, ತಾಳೆ ಇರುವ ಕಡೆ ಇದು ಇರುತ್ತದೆ. ಇದರ ಮುಖ್ಯ ಊಟ ಹಣ್ಣು, ಆದ್ದರಿಂದ ಹಿಕ್ಕೆಯಲ್ಲಿ ಬೀಜ ತುಂಬಿರುತ್ತದೆ.

ಗೂಬೆ: ನಮ್ಮ ಸೀಮೆಯ ಬಂಡೆಗುಡ್ಡಗಳಲ್ಲಿ ದೊಡ್ಡ ಕೊಂಬಿನ ಗೂಬೆ ಇದೆ. ಗೂಡಿಗೆ ಬಾರದೆ ಮರದ ಮೇಲೆ ಕೂಡುವ ಕೋಳಿಗೆ ಇದರ ಭಯ. ಇದೂ ತಲೆ-ಕುತ್ತಿಗೆ ತಿನ್ನಬಹುದು, ಆದರೆ ಮುಚ್ಚಿದ ಗೂಡಿಗೆ ಬರಲಾರದು.

ಹದ್ದು, ಗಿಡುಗ, ಕಾಗೆ: ಹಗಲು, ಬಯಲಿನಲ್ಲಿ, ಮರಿಗಳ ಮೇಲೆ. ಹದ್ದು ಮರಿಯನ್ನು ಎತ್ತಿಕೊಂಡು ಹೋದರೆ ನೆಲದಲ್ಲಿ ಗುರುತೇ ಉಳಿಯುವುದಿಲ್ಲ. ತಾಯಿ ಕೋಳಿಯ ಕೂಗೇ ಸಾಕ್ಷಿ. ಬೇಟೆಹಕ್ಕಿ ನೆಲದಲ್ಲೇ ಕೂತು ತಿಂದಿದ್ದರೆ ಕಿತ್ತ ಪುಕ್ಕ ಒಂದೇ ಕಡೆ ಸುತ್ತಲೂ ಬಿದ್ದಿರುತ್ತದೆ. ಪುಕ್ಕ ತುಂಡಾಗಿರದೆ ಬುಡಸಹಿತ ಬಂದಿರುತ್ತದೆ. ಎದೆಯ ಮಾಂಸ ಮೊದಲು ಹೋಗಿರುತ್ತದೆ. ಪಕ್ಕದಲ್ಲಿ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆ ಇರುತ್ತದೆ. ಕಾಗೆ ತತ್ತಿಗೆ ತೂತು ಕುಕ್ಕುತ್ತದೆ, ಸಣ್ಣ ಮರಿಯನ್ನೂ ಒಯ್ಯುತ್ತದೆ.

ಹೆಗ್ಗಣ, ಇಲಿ: ಇವನ್ನು ಯಾರೂ ಅನುಮಾನಿಸುವುದಿಲ್ಲ. ಮರಿಗಳು ರಾತ್ರಿ ಒಂದೊಂದಾಗಿ ಕಡಿಮೆಯಾಗುತ್ತಿದ್ದು, ಗೂಡಿನ ಮೂಲೆಯಲ್ಲಿ ಬಿಲ ಇದ್ದರೆ ಅಲ್ಲಿ ನೋಡಿರಿ. ಬಿಲದ ಬಾಯಲ್ಲಿ ಮರಿಯ ಕಾಲೋ ರೆಕ್ಕೆಯೋ ಸಿಗುತ್ತದೆ. ಕಾವಿಗೆ ಕೂತ ಹೇಟೆಯ ಕಾಲ್ಬೆರಳು, ತೊಡೆ, ಹೊಟ್ಟೆಯ ಕೆಳಗೆ ಕಡಿದ ಗಾಯ ಇದ್ದರೂ ಇವುಗಳದೇ ಕೆಲಸ.

ಹಾವು, ಉಡ: ತತ್ತಿ ಚಿಪ್ಪುಸಹಿತ ಮಾಯವಾದರೆ ಈ ಎರಡರಲ್ಲಿ ಒಂದು. ಹಾವು ನುಂಗಲು ಹೋಗಿ ಆಗದೆ ಬಿಟ್ಟ ಮರಿಯ ತಲೆ, ಹೆಗಲಿನ ಪುಕ್ಕ ಒದ್ದೆಯಾಗಿ ಹಿಂದಕ್ಕೆ ಅಂಟಿಕೊಂಡಿರುತ್ತದೆ. ಕಾವಿಗೆ ಕೂತ ಹೇಟೆ ಹರಿದ ಗಾಯವಿಲ್ಲದೆ ಕೂತಲ್ಲೇ ಸತ್ತು, ಕೆಳಗಿನ ತತ್ತಿ ಕಡಿಮೆಯಾಗಿದ್ದರೆ ನಾಗರಹಾವು ಬಂದಿರಬಹುದು ಎಂದು ಎಚ್ಚರವಾಗಿರಿ. ಉಡ ಹಗಲು ಬರುತ್ತದೆ, ಉಗುರಿನ ಗುರುತುಗಳ ನಡುವೆ ಬಾಲ ಎಳೆದ ಗೆರೆ ಬಿಡುತ್ತದೆ.

ಬೂದಿಯ ಪರೀಕ್ಷೆ

ಇಷ್ಟಾದರೂ ತಿಳಿಯದಿದ್ದರೆ ಅತ್ತೆಯ ಉಪಾಯ ಮಾಡಿರಿ. ಖರ್ಚಿಲ್ಲ. ಸಂಜೆ ಕೋಳಿ ಗೂಡಿಗೆ ಬಂದ ಮೇಲೆ ತಣ್ಣಗಾದ ಒಲೆಯ ಬೂದಿಯನ್ನೋ ನಯವಾದ ಮಣ್ಣನ್ನೋ ಜರಡಿ ಹಿಡಿದು ಗೂಡಿನ ಸುತ್ತ ಎರಡು ಮೊಳ ಅಗಲಕ್ಕೆ ಹರಡಿರಿ. ಮಾಡಿನ ಮೇಲೂ ಹರಡಿರಿ. ಬೆಳಿಗ್ಗೆ ಕೋಳಿ ಬಿಡುವ ಮೊದಲು, ಬಿಸಿಲು ಓರೆಯಾಗಿ ಬೀಳುವಾಗ ನೋಡಿರಿ.

ನಾಲ್ಕು ಬೆರಳು, ಮುಂದೆ ಉಗುರಿನ ಗುರುತು: ನಾಯಿ ಅಥವಾ ನರಿ. ನರಿಯ ಹೆಜ್ಜೆ ಚಿಕ್ಕದು, ಉದ್ದುದ್ದ, ಸಾಲಾಗಿ ನೇರ ಹೋಗುತ್ತದೆ.

ನಾಲ್ಕು ಬೆರಳು, ದುಂಡಗೆ, ಉಗುರಿನ ಗುರುತಿಲ್ಲ: ಬೆಕ್ಕು ಅಥವಾ ಕಾಡುಬೆಕ್ಕು. ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತದೆ.

ಐದು ಬೆರಳು, ಉದ್ದ ಉಗುರು, ಸಣ್ಣ ಹೆಜ್ಜೆ: ಮುಂಗುಸಿ.

ಐದು ಬೆರಳು, ಉಗುರು ಮಸುಕು, ಅಂಗಾಲು ದೊಡ್ಡದು: ಮರಬೆಕ್ಕು ಅಥವಾ ಪುನುಗು ಬೆಕ್ಕು.

ಎರಡು ಮೂರು ರಾತ್ರಿ ಮಾಡಬೇಕಾಗಬಹುದು. ಒಂದು ಸಲ ರುಚಿ ಕಂಡದ್ದು ಮತ್ತೆ ಬಂದೇ ಬರುತ್ತದೆ.

ಆರೋಗ್ಯದ ಮಾತು

ಗಾಯವಿಲ್ಲದ ಸಾವು: ಕುತ್ತಿಗೆ ತಿರುಚುವುದು, ಬಾಯಿ ತೆರೆದು ಉಸಿರಾಡುವುದು, ಹಸಿರು ಬೇಧಿ ಕಂಡು ಕೋಳಿಗಳು ಸಾಯುತ್ತಿದ್ದರೆ ಅದು ಕೊಕ್ಕರೆ ರೋಗ ಇರಬಹುದು. ಸರಕಾರಿ ಭಾಷೆಯಲ್ಲಿ ರಾಣಿಖೇತ್ ರೋಗ. ಇದಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಇದನ್ನು ಹಾಕಿಸದೆ ಮುಂಗುಸಿಯನ್ನು ಹುಡುಕುತ್ತ ಕೂತರೆ ಗೂಡೇ ಬರಿದಾಗುತ್ತದೆ.

ಹಕ್ಕಿಜ್ವರ: 2025ರ ಫೆಬ್ರವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ, ತೆಲಂಗಾಣದ ಯಾದಾದ್ರಿ ಭುವನಗಿರಿ ಜಿಲ್ಲೆಯಲ್ಲಿ ಈ ರೋಗ ದೃಢಪಟ್ಟಿತು. ಅದೇ ವರ್ಷ ಮಾರ್ಚಿನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ನರಸರಾವುಪೇಟೆಯ ಎರಡು ವರ್ಷದ ಒಂದು ಹೆಣ್ಣುಮಗು ಎಚ್5ಎನ್1 ಹಕ್ಕಿಜ್ವರದಿಂದ ತೀರಿಕೊಂಡಿತು. ಆ ಮಗು ಹಸಿ ಕೋಳಿಮಾಂಸದ ತುಣುಕು ತಿಂದಿತ್ತೆಂದು ವರದಿಯಾಯಿತು. ಕೋಳಿ ಕೊಯ್ಯುವಾಗ ಮಕ್ಕಳ ಬಾಯಿಗೆ ಹಸಿ ಚೂರು ಕೊಡುವ ಅಭ್ಯಾಸ ಎಲ್ಲಿಯಾದರೂ ಇದ್ದರೆ ದಯವಿಟ್ಟು ನಿಲ್ಲಿಸಿರಿ. ಚೆನ್ನಾಗಿ ಬೆಂದ ಮಾಂಸ, ಬೆಂದ ತತ್ತಿಯಿಂದ ಭಯವಿಲ್ಲ. ಕಾರಣ ತಿಳಿಯದೆ ಸತ್ತ ಕೋಳಿಯನ್ನು ‘ಹಾಳಾಗಬಾರದು’ ಎಂದು ಸಾರು ಮಾಡಬೇಡಿರಿ. ಒಟ್ಟಿಗೆ ಹಲವು ಸತ್ತರೆ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿರಿ. ಒಂದೆರಡಾದರೆ ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಕಾಲುವೆಗೆ, ಹಳ್ಳಕ್ಕೆ ಎಸೆಯಬೇಡಿರಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಕಚ್ಚಿದರೆ: ಗೂಡಿನಲ್ಲಿ ಸಿಕ್ಕಿಕೊಂಡ ಮುಂಗುಸಿ, ಬೆಕ್ಕು, ನರಿಯನ್ನು ಕೈಯಿಂದ ಹಿಡಿಯಲು ಹೋಗಬೇಡಿರಿ. ನಾಯಿಯಂತೆ ಇವುಗಳಿಂದಲೂ ಹುಚ್ಚುರೋಗ ಬರಬಹುದು. ಕಚ್ಚಿದ ಜಾಗವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿಕೊಳ್ಳಿರಿ. ಸುಣ್ಣ, ಅರಿಶಿನ, ಖಾರ ಹಚ್ಚಬೇಡಿರಿ.

ತತ್ತಿ ತೆಗೆಯುವಾಗ: ಕತ್ತಲೆಯಲ್ಲಿ ಕಾವಿನ ಬುಟ್ಟಿಗೆ ಬರಿಗೈ ಹಾಕುವುದು ಅಪಾಯ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಬ್ಯಾಟರಿ ಹಿಡಿದು ನೋಡಿ, ಕೋಲಿನಿಂದ ಸರಿಸಿ, ಆಮೇಲೆ ಕೈ ಹಾಕಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಅಂಗವನ್ನು ಅಲುಗಾಡಿಸದೆ 108 ಕರೆದು ಆಸ್ಪತ್ರೆಗೆ ಒಯ್ಯಿರಿ.

ಗೂಡು ಹೇಗಿರಬೇಕು?

ಶತ್ರು ಯಾರೆಂದು ತಿಳಿದರೆ ಎಲ್ಲಿ ದುಡ್ಡು ಹಾಕಬೇಕು ಎಂಬುದೂ ತಿಳಿಯುತ್ತದೆ. ನಾಯಿ, ನರಿಗೆ ನೆಲ ಭದ್ರವಾಗಬೇಕು. ಗೂಡಿನ ಸುತ್ತ ಒಂದು ಅಡಿ ಆಳಕ್ಕೆ ಜಾಲರಿ ಹೂಳಿರಿ ಅಥವಾ ಪರಸಿ ಕಲ್ಲು ನಿಲ್ಲಿಸಿರಿ. ತಾಂಡೂರು, ಶಹಾಬಾದದ ಪರಸಿಯ ಒಡೆದ ತುಂಡುಗಳು ಇದಕ್ಕೆ ಸಾಕು. ಮರಬೆಕ್ಕಿಗೆ ಮಾಡು ಭದ್ರವಾಗಬೇಕು, ಮೇಲೆ ಚಾಚಿದ ಕೊಂಬೆ ಇರಬಾರದು. ಮುಂಗುಸಿಗೆ ಎರಡು ಬೆರಳಿನ ಸಂದೂ ಉಳಿಯಬಾರದು. ಹೆಗ್ಗಣ, ಇಲಿಗೆ ಅರ್ಧ ಇಂಚಿನ ಗಟ್ಟಿ ಜಾಲರಿಯೇ ಬೇಕು. ಆರು ಮೂಲೆಯ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಕೋಳಿ ಕೂಡುವ ಕೋಲು ಗೋಡೆಯಿಂದ, ಜಾಲರಿಯಿಂದ ಒಂದು ಮೊಳ ಒಳಗಿರಲಿ. ಹೊರಗಿನಿಂದ ಕೈ ಹಾಕಿದರೆ ಸಿಗಬಾರದು. ಹದ್ದಿಗೆ ಬಳ್ಳಾರಿ ಜಾಲಿಯ ಮುಳ್ಳಿನ ಮಾಡು, ಹಳೆಯ ಸೀರೆಯ ನೆರಳು, ಅವರೆಯ ಚಪ್ಪರ ಸಾಕು. ಮರಿಗಳನ್ನು ಮೊದಲ ಆರು ವಾರ ಬುಟ್ಟಿಯ ಕೆಳಗೆ ಮೇಯಿಸಿರಿ.

ತಳಿಯ ವಿಷಯದಲ್ಲೂ ಒಂದು ಮಾತು. ಹೈದರಾಬಾದಿನ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ಒಳ್ಳೆಯ ಹಿತ್ತಲ ಕೋಳಿಗಳು. ಆದರೆ ಮೈ ಭಾರವಾದಷ್ಟೂ ಹಾರಿ ತಪ್ಪಿಸಿಕೊಳ್ಳುವುದು ಕಷ್ಟ. ಅವನ್ನು ಸಾಕುವವರು ಜವಾರಿ ಕೋಳಿಯಂತೆ ಮರಕ್ಕೆ ಹತ್ತಿ ಉಳಿದುಕೊಳ್ಳುತ್ತದೆ ಎಂದು ಬಿಡದೆ ಗೂಡನ್ನು ಮೊದಲು ಕಟ್ಟಿರಿ.

ವಿಷ ಇಡಬೇಡಿರಿ

ವಿಷಕ್ಕೆ ಕಣ್ಣಿಲ್ಲ. ಸತ್ತ ಕೋಳಿಯಲ್ಲಿಟ್ಟ ವಿಷ ಕೊಂದದ್ದನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಮೊದಲು ಬಂದದ್ದನ್ನು ಕೊಲ್ಲುತ್ತದೆ. ಕಾಗೆ ಅದರ ತುಣುಕನ್ನು ನೀರಿನ ತೊಟ್ಟಿಗೆ ಬೀಳಿಸಬಹುದು. ಮಗು ಮುಟ್ಟಬಹುದು. ನಮ್ಮ ಕೋಳಿಯೇ ಕುಕ್ಕಬಹುದು, ಆ ಕೋಳಿ ನಮ್ಮ ತಟ್ಟೆಗೇ ಬರಬಹುದು. ಹಿಂದೆ ಮನೆಮನೆಯಲ್ಲಿದ್ದ ಫೋರೇಟ್ ಗುಳಿಗೆಯನ್ನು 2020ರ ಡಿಸೆಂಬರ್ 31ರ ನಂತರ ದೇಶದಲ್ಲಿ ಬಳಸುವಂತಿಲ್ಲ. ಹಳೆಯ ಡಬ್ಬಿ ಅಟ್ಟದಲ್ಲಿ ಉಳಿದಿದ್ದರೆ ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಟ್ಟು ಕೃಷಿ ಅಧಿಕಾರಿಗಳನ್ನು ಕೇಳಿರಿ. ವಿಷ ಸೇರಿದವರಿಗೆ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಚಿಕ್ಕದಾಗುವುದು ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿಷವಿಟ್ಟು ಕೊಲ್ಲುವುದೂ ಬೇಟೆಯೇ. ಮುಂಗುಸಿ, ಕಾಡುಬೆಕ್ಕು, ಮರಬೆಕ್ಕು, ನರಿ, ಉಡ, ಕೇರೆಹಾವು ಎಲ್ಲವೂ ಆ ಕಾಯ್ದೆಯ ರಕ್ಷಣೆಯಲ್ಲಿವೆ.

ಕಾನೂನಿಗಿಂತ ನಮ್ಮ ಲಾಭದ ಲೆಕ್ಕವೂ ಇದೆ. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಮಾಡಿದ ಅಧ್ಯಯನದಲ್ಲಿ ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನುತ್ತದೆ ಎಂದು ಅಂದಾಜು ಮಾಡಿದ್ದಾರೆ. ಭತ್ತದ ಬದು ತೋಡುವ, ಶೇಂಗಾ ಕದಿಯುವ, ಕಣಜ ಕೊರೆಯುವ ಇಲಿಯನ್ನು ನಮಗಾಗಿ ಕೂಲಿಯಿಲ್ಲದೆ ಹಿಡಿಯುವವರು ಇವರೇ. ವರ್ಷಕ್ಕೊಂದು ಕೋಳಿ ಒಯ್ದ ಕಾಡುಬೆಕ್ಕು ನಮಗೆ ಎಷ್ಟು ಚೀಲ ಕಾಳು ಉಳಿಸಿತು ಎಂದು ಯಾರೂ ಬರೆದಿಡುವುದಿಲ್ಲ.

ಕೊನೆಯ ಮಾತು

ಇನ್ನು ಪಕ್ಕದ ಮನೆಯ ವಿಷಯ. ಬೂದಿಯ ಮೇಲಿನ ಹೆಜ್ಜೆ ಕಂಡ ದಿನವೇ ಸಂಜೆ ನಾವು ಆ ಮನೆಗೆ ಹೋದೆವು. ವಿಷ ಇಟ್ಟದ್ದು ನಾವೇ, ನಾಯಿ ನಮ್ಮ ಕೋಳಿ ಮುಟ್ಟಿರಲಿಲ್ಲ ಎಂದು ಹೇಳಿ ಕ್ಷಮೆ ಕೇಳಿದೆವು. ಅಕ್ಕ ತಲೆ ತಗ್ಗಿಸಿ ಜೋಳ ಹಸನು ಮಾಡುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ, “ನಮಗ ಗೊತ್ತಿತ್ತು. ರಾತ್ರಿ ಅದನ್ನ ಒಳಗ ಕಟ್ಟತಿದ್ವಿ. ಬೆಳಕು ಹರಿದ ಮ್ಯಾಲೆ ಬಿಡತಿದ್ವಿ. ಕೇಳಿದ್ರ ಹೇಳತಿದ್ವಿ” ಎಂದರು.

ನಾವು ಕೇಳಿರಲಿಲ್ಲ. ಎರಡು ಮನೆಗಳ ನಡುವೆ ಇರುವುದು ಎದೆಯೆತ್ತರದ ಒಂದು ಗೋಡೆ.

ಈಗ ಮಾತುಕತೆ ಇದೆ. ಸಂತೆಗೆ ಹೋದರೆ ಒಬ್ಬರ ತತ್ತಿಯನ್ನು ಇನ್ನೊಬ್ಬರು ಒಯ್ದು ಮಾರುತ್ತೇವೆ. ಆದರೆ ಆ ಮನೆಯಲ್ಲಿ ಮತ್ತೆ ನಾಯಿ ಸಾಕಿಲ್ಲ. ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಸಲ ಗೂಡಿನ ಮುಂದೆ ಕೋಳಿ ಸತ್ತು ಬಿದ್ದಿದ್ದರೆ, ಯಾರ ಹೆಸರನ್ನೂ ಹೇಳುವ ಮೊದಲು ಕೂತು ಆ ಕೋಳಿಯನ್ನು ನೋಡಿರಿ. ಒಲೆಯಲ್ಲಿ ಬೂದಿ ಇದ್ದೇ ಇರುತ್ತದೆ. ಒಂದು ಜರಡಿ ಹುಡುಕಿಕೊಳ್ಳಿರಿ.